ಪಾಸಾಗದ ಕಂಬಳಿ

“ಇದು ಬ್ಯಾಡ,” ಎಂದು ಭೀಮಕ್ಕ ಮಗ ನೇಯ್ದ ಕಂಬಳಿಯನ್ನು ಪಕ್ಕಕ್ಕೆ ತಳ್ಳಿದಳು.

ಮಿಡಿಗೇಶಿಯ ಕಂಬಳಿ ಸೊಸೈಟಿಯಲ್ಲಿ ಹೊರದೇಶದ ಮೇಳಕ್ಕೆ ಕಳಿಸುವ ಕಂಬಳಿಯ ಆಯ್ಕೆ ನಡೆದಿತ್ತು. ಕಂಬಳಿಯನ್ನು ಕೆನ್ನೆಗೆ ಉಜ್ಜಿ ಅದರ ಗುಣ ಹೇಳುವುದರಲ್ಲಿ ಅವಳದೇ ಕೊನೆಯ ಮಾತು. ಪಾಸಾಗದ್ದು ನೇಯ್ದವರ ಮನೆಗೆ ವಾಪಸ್ಸು.

ಬೆಂಗಳೂರಿನಿಂದ ಬಂದಿದ್ದ ಅಧಿಕಾರಿಗೆ ಅಸಮಾಧಾನ. “ಸರಿಯಾಗಿ ನೋಡಮ್ಮ. ಎಂಬತ್ತೊಂದನೇ ಇಸವಿಯ ಮೇಳದಲ್ಲಿ ಹದಿನಾಲ್ಕು ದೇಶಗಳ ಉಣ್ಣೆ ಮಾಲು ಬಂದಿತ್ತು. ನಾವು ಹನ್ನೊಂದನೆಯವರು. ಈ ಸಲ ಮೇಲೆ ಬಂದರೆ ನಿಮ್ಮೂರಿಗೆಲ್ಲ ವರ್ಷಪೂರ್ತಿ ಕೆಲಸ.”

ಭೀಮಕ್ಕ ಅದನ್ನು ಮತ್ತೆ ಎತ್ತಿಕೊಂಡಳು. ಈ ಬಾರಿ ಮುಖವನ್ನೇ ಹುದುಗಿಸಿದಳು. ಬೇರೆ ಯಾವ ಕಂಬಳಿಗೂ ಅವಳು ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

“ಬೆವರಿನ ನಾತ ಸಾಮಿ. ಹೊರದೇಶದೋರು ಮೂಗು ಮುಚ್ಕಂಡಾರು.”

“ನಿನ್ ಮೂಗಿಗೇನಾತು ಭೀಮಕ್ಕ?” ಎಂದ ಸೆಕ್ರೆಟರಿ ಪರ್ವತಯ್ಯ. “ನನ್ ಮಗ ಮೂಡಲಗಿರಿ ಕೈಯಂಥ ಕೈ ಈ ಸೀಮೇಲೇ ಇಲ್ಲ ಅಂತ ನೀನೇ ಕುಣೀತಿದ್ದೆ.”

“ಕುಣೀತಿದ್ದೆ.”

“ಹಾಗಾದರೆ ಅವನಿಂದಲೇ ಇನ್ನೊಂದು ನೇಯಿಸಿ,” ಎಂದ ಅಧಿಕಾರಿ.

ಪರ್ವತಯ್ಯ ಕನ್ನಡಕ ತೆಗೆದು ಒರೆಸತೊಡಗಿದ.

“ಅವ್ನು ಇನ್ ನೇಯಾಕಿಲ್ಲ,” ಎಂದಳು ಭೀಮಕ್ಕ.

ಅಧಿಕಾರಿ ನಕ್ಕ. “ಇದೇ ನೋಡಿ ನಮ್ಮ ರೋಗ. ಕೊರಿಯಾದವನು ಊಟ ಬಿಟ್ಟು ದುಡೀತಾನೆ. ನಮ್ಮವನು ಮಲಗಿರ್ತಾನೆ.”

“ಹೂಂ ಸಾಮಿ. ಮಲಗವ್ನೆ.”

ಬಾಗಿಲಾಚೆ ನಿಂತಿದ್ದ ಸೊಸೆ ಜುಂಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕೊನೆಗೆ ಊರಿನ ಇನ್ನೊಬ್ಬ ನೇಕಾರ ಓಬಳಪ್ಪ ನೇಯ್ದ ಕಂಬಳಿ ಜೀಪು ಹತ್ತಿತು. ಅದು ಒರಟೆಂದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ಸೊಸೆ ಮನೆಯತ್ತ ನಡೆದರು. ಪಾಸಾಗದ ಕಂಬಳಿ ಭೀಮಕ್ಕನ ಹೆಗಲ ಮೇಲಿತ್ತು.

“ಎಲ್ಲಾದ್ಕಿಂತ ಅದೇ ಚೆಂದಾಗಿತ್ತು ಅತ್ತೆ. ಅವರ ಹೆಸರು ಕೆಡಿಸ್ಬುಟ್ರಿ. ಊರೋರ ಕೆಲ್ಸಾನೂ ಕಳೆದ್ರಿ.”

“ಗೊತ್ತು ಕಣಮ್ಮ.”

ಹೊರಗೆ ಸುಡುವ ಬಿಸಿಲು. ಆದರೂ ಭೀಮಕ್ಕ ಒಳಗೆ ಬಂದವಳೇ ಬಾಗಿಲು ಹಾಕಿ ಕಂಬಳಿ ಹೊದ್ದು ಕೂತಳು. ಮೂಗನ್ನು ಅದರ ಅಂಚಿಗೆ ಒತ್ತಿದಳು. ಆಮೇಲೆ ಒಂದು ಮಗ್ಗುಲನ್ನು ಎತ್ತಿ ಹಿಡಿದಳು.

“ಬಾ, ನೀನೂ ಹೊದ್ಕೋ. ಇದನ್ನ ಮಾತ್ರ ಯಾವತ್ತೂ ಒಗೀಬ್ಯಾಡ.”

ಹೋದ ತಿಂಗಳು ಮೂಡಲಗಿರಿಯನ್ನು ಮಣ್ಣು ಮಾಡಿ ಬಂದ ದಿನ, ನೆಂಟರೆಲ್ಲ ಸೇರಿ ಅವನ ಬಟ್ಟೆಬರೆಯನ್ನು ಒಂದೂ ಬಿಡದೆ ಕೆರೆಯಲ್ಲಿ ಒಗೆದುಬಿಟ್ಟಿದ್ದರು.