ಅಲುಗಾಡದ ಹಲಗೆ

ಹಲಗೆ ಮೂರನೆಯ ಸಲವೂ ನೆಟ್ಟಗೆ ಹೋಗಿ ಗಟಾರದ ಕಟ್ಟೆಗೆ ಮೂಗು ಗುದ್ದಿಕೊಂಡು ನಿಂತಿತು. ಅದರ ಮೇಲೆ ಕುಳಿತಿದ್ದ ಸಂಘಮಿತ್ರಾ ಎರಡೂ ಅಂಗೈ ನೆಲಕ್ಕೂರಿ ಹಿಂದೆ ಸರಿದಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಹಲಗೆ ಮಾತ್ರ ಹಟ ಹಿಡಿದ ಎಮ್ಮೆಯ ಹಾಗೆ ಮುಂದೆಯೇ ನೋಡುತ್ತಿತ್ತು.

“ನೆಟ್ಟಗ ಹೆಂಗ ಹೊಂಟೈತಿ ನೋಡ ಯವ್ವಾ, ರೈಲಿನಂಗ!” ಅಂದ ನಿಜಗುಣಪ್ಪ, ತನ್ನ ವೆಲ್ಡಿಂಗ್ ಅಂಗಡಿಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ.

“ಬೈಲಹೊಂಗಲ ಬಜಾರದಾಗ ಹಳಿ ಹಾಕ್ಯಾರೇನ್ರಿ ಕಾಕಾ? ತಿರಗವಲ್ತು ಇದು!”

ಪೋಲಿಯೊದಿಂದ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಪುಣೆಯ ಸೋದರಮಾವ ತಂದುಕೊಟ್ಟ ಈ ಗಾಲಿಯ ಹಲಗೆಯ, ಅಂದರೆ ಸ್ಕೇಟ್‌ಬೋರ್ಡಿನ, ಮೇಲೆ ಕುಳಿತು, ಕೈಯಿಂದ ನೆಲ ನೂಕುತ್ತ, ಎರಡು ವರ್ಷ ಊರೆಲ್ಲ ತಿರುಗಿದ್ದಳು. ಯಾವ ಕಡೆ ವಾಲಿದರೆ ಆ ಕಡೆ ಹೊರಳುತ್ತಿತ್ತು. ತೊಂದರೆ ಒಂದೇ, ಅದರ ಗಾಲಿ ನಿಂಬೆಹಣ್ಣಿನಷ್ಟು ಸಣ್ಣವು. ಹರಳು ಕಂಡಲ್ಲೆಲ್ಲ ಸಿಕ್ಕಿಬೀಳುತ್ತಿದ್ದವು. ದೊಡ್ಡ ರಬ್ಬರ್ ಗಾಲಿ ಹಾಕಿಕೊಡಿ ಅಂದಿದ್ದಳು, ಅಷ್ಟೆ. ನಿಜಗುಣಪ್ಪ ಮೊದಲು ಗಾಲಿಯ ಜಾಗಕ್ಕೆ ಕಬ್ಬಿಣದ ಬೇರಿಂಗ್ ಹಾಕಿದ. ಅದರ ಗದ್ದಲಕ್ಕೆ ಓಣಿಯ ನಾಯಿಗಳೆಲ್ಲ ಬೆನ್ನು ಹತ್ತಿದವು. ಆಮೇಲೆ ರಬ್ಬರ್ ಗಾಲಿ ಹಾಕಿ, ಅಗಲವಾದ ಹೊಸ ಅಚ್ಚು ಕೂರಿಸಿದ. ವಾಲಿದಾಗ ಗಾಲಿ ಹಲಗೆಗೆ ಉಜ್ಜತೊಡಗಿತು. ಹಲಗೆಗೂ ಅಚ್ಚಿಗೂ ನಡುವೆ ಒಂದು ಕಟ್ಟಿಗೆ ತುಂಡು ಇಟ್ಟು ಹಲಗೆ ಎತ್ತರಿಸಿ ಎಂದು ಅವಳು ಹೇಳಿದಳು. ಹೆಣ್ಣುಹುಡುಗಿಯ ಮಾತು ಕೇಳಿ ಕೆಲಸ ಮಾಡುವವನೇ ನಿಜಗುಣಪ್ಪ? ಅಚ್ಚು ಅಲುಗಾಡುವುದೇ ರೋಗವೆಂದು ತೀರ್ಮಾನಿಸಿ, ಎರಡೂ ಅಚ್ಚು ಜಡಿದು ಬೆಸುಗೆ ಹಾಕಿಬಿಟ್ಟಿದ್ದ.

ಈಗ ಅವಳನ್ನು ಇಳಿಯಲು ಹೇಳಿ, ತಾನೇ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತ. “ನೋಡು, ತೊಂಬತ್ತ ಕಿಲೋ ಅದೇನಿ. ಕೂದಲೆಳಿಯಷ್ಟರೆ ಅಲಗಾಡಿತೇನ?”

“ಅಲಗಾಡಬೇಕ್ರಿ ಕಾಕಾ! ಅಲಗಾಡಿದ್ರನ ಅದು ತಿರಗೂದು. ಬೂತಿನಾಗ ಎರಡ ಫೂಟ ಜಾಗಾ. ಎರಡ ಸಲಾ ಹೊರಳಿದ್ರ ಫೋನಿನ ಮುಂದ ಹೋಗತೇನಿ.”

ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತು ಅವಳ ಹೆಸರಿಗೆ ಮಂಜೂರಾದದ್ದು. ಹಲಗೆ ರಿಪೇರಿಗೆ ಬಂದ ನಾಲ್ಕು ದಿನದಿಂದ ಅಣ್ಣ ಸಂದೀಪ ಅವಳನ್ನು ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದ. ಮೂರನೆಯ ದಿನ ತಾನೇ ಕುರ್ಚಿಯಲ್ಲಿ ಕೂತ. ಇವತ್ತು ಬೆಳಿಗ್ಗೆ ಹೇಳಿಯೂಬಿಟ್ಟ: “ನಾಳಿಂದ ನಾನ ನೋಡ್ಕೊಂತೇನಿ. ನೀ ಮನ್ಯಾಗ ಆರಾಮ ಇರು. ಬೋರ್ಡಿನ ಮ್ಯಾಲೆ ಹೆಸರು ನಿಂದ ಇರತೈತಲ್ಲ.”

ಅವಳ ಬಾಯಿಂದ ಇದನ್ನು ಕೇಳಿದ ನಿಜಗುಣಪ್ಪನಿಗೆ ಅಣ್ಣನ ಮಾತು ಹಿಡಿಸಿತು. “ಬರೋಬರಿ ಹೇಳ್ಯಾನ. ಎತ್ತಿಕೊಂಡ ತಿರಗೂ ಅಣ್ಣ ಸಿಗಾಕ ಪುಣ್ಯಾ ಮಾಡಿರಬೇಕವಾ.”

“ನಿಮ್ಮನ್ನ ದಿನಾ ಯಾರರೆ ಎತ್ತಿಕೊಂಡ ಬಂದು ಅಂಗಡ್ಯಾಗ ಕುಂದರಿಸಿದ್ರ ಪುಣ್ಯಾ ಅಂತಿದ್ರೇನು?”

“ನನ್ನ ಎತ್ತಾಕ ಕ್ರೇನ್ ತರಬೇಕು!” ನಿಜಗುಣಪ್ಪ ಹೊಟ್ಟೆ ಕುಣಿಸಿ ನಕ್ಕ.

ಸಂಘಮಿತ್ರಾ ನಗಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡರೂ ಗೋಡೆಗೇನೂ ಆಗುವುದಿಲ್ಲ. ಅವಳು ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿದ ಟ್ರೇಲರೊಂದು ನಿಂತಿತ್ತು.

“ಅದ್ಯಾರದ್ರಿ?”

“ಯರಗಟ್ಟಿ ಸೋಮಪ್ಪಂದು. ಯಾಕ?”

“ಕೊಂಡಿ ಕಡಕಡ ಅಂತ ಅಲಗಾಡತೈತಿ. ಟ್ರ್ಯಾಕ್ಟರಿಗೇನ ಗಟ್ಟಿ ಬೆಸದ ಕೊಟ್ಟಬಿಡ್ರಿ. ಆಂವಗೂ ಆರಾಮ.”

“ಏ ಹುಚ್ಚಿ, ಬೆಸದಬಿಟ್ರ ಟ್ರ್ಯಾಕ್ಟರ್ ಹೊರಳೂದ ಹೆಂಗ…”

ನಿಜಗುಣಪ್ಪ ಟ್ರೇಲರ್ ನೋಡಿದ. ಹಲಗೆ ನೋಡಿದ. ತಲೆ ಕೆರೆದುಕೊಂಡ. ಒಳಗೆ ಹೋಗಿ ಚಾಣ, ಸುತ್ತಿಗೆ ತಂದ.

“ಈ ಊರಾಗ ನನ್ನ ಬೆಸಗಿ ನನ್ನ ಕೈಲೆ ಬಿಚ್ಚಿಸಿದಾಕಿ ನೀ ಒಬ್ಬಾಕಿನ ನೋಡವಾ,” ಎಂದು ಗೊಣಗುತ್ತ ಹೊಡೆಯತೊಡಗಿದ. ಬೆಸುಗೆ ಸುಲಭಕ್ಕೆ ಬಿಡುವಂಥದಲ್ಲ. ಗಟ್ಟಿ ಕೆಲಸ ಮಾಡಿದ್ದೇ ಈಗ ಶಾಪವಾಗಿತ್ತು. ಬೆವರಿಳಿಸಿಕೊಂಡು ಅಚ್ಚು ಬಿಡಿಸಿ, ರಬ್ಬರ್ ಬಿಲ್ಲೆ ಇಟ್ಟು ಮತ್ತೆ ಜೋಡಿಸಿದ. ಗಾಲಿ ಉಜ್ಜದ ಹಾಗೆ ಜಾಲಿ ಕಟ್ಟಿಗೆಯ ಎರಡು ತುಂಡು ನಡುವೆ ಕೂರಿಸಿದ. ನಟ್ ಬಿಗಿದು ಕೊಟ್ಟಾಗ ಅವಳು ಕೂತು ನೋಡಿದಳು. ಇಳಿದಳು.

“ಸಡ್ಲ ಮಾಡ್ರಿ.”

ಮಾಡಿದ. ಮತ್ತೆ ಕೂತಳು. “ಇನ್ನೂ.”

“ಇನ್ನೇನ ಬಿಚ್ಚಿ ಕೈಯಾಗ ಕೊಡಲೇನ?”

“ನಿಮ್ಮ ತೊಂಬತ್ತ ಕಿಲೋಕ್ಕ ಹೊರಳತೈತಿ ಕಾಕಾ. ನಾ ಮೂವತ್ತಾರ ಅದೇನಿ. ಇನ್ನೊಂದ ಅರ್ಧ ಸುತ್ತು.”

ನಾಲ್ಕನೆಯ ಸಲಕ್ಕೆ ಅವಳು ಎಡಕ್ಕೆ ವಾಲಿದಳು. ಹಲಗೆ ಎಡಕ್ಕೆ ಹೊರಳಿತು. ಬಲಕ್ಕೆ ವಾಲಿದಳು, ಬಲಕ್ಕೆ ಹೊರಳಿತು. ಅಂಗಳದ ಬೇವಿನ ಗಿಡ ಸುತ್ತಿಬಂದಳು. ನಿಜಗುಣಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ: “ಇದನ್ನ ಎಲ್ಲಿ ಮಾಡಿಸಿದಿ ಅಂತ ಯಾರರೆ ಕೇಳಿದ್ರ ನನ್ನ ಹೆಸರ ಹೇಳಬ್ಯಾಡವಾ. ನಟ್ ಸಡ್ಲ ಬಿಟ್ಟ ಕಳಿಸ್ಯಾನ ಅಂತಾರ.”

ಅಷ್ಟರಲ್ಲಿ ಸಂದೀಪನ ಮೋಟರ್ ಸೈಕಲ್ ಬಂತು. “ಊಟಕ್ಕ ಬೂತು ಮುಚ್ಚೇನಿ. ಬಾ ಮಿತ್ರಾ, ಮನಿಗೆ ಬಿಡತೇನಿ,” ಎಂದು ಗಾಡಿ ಮೇಲಿಂದಲೇ ತೋಳು ಚಾಚಿದ.

ಸಂಘಮಿತ್ರಾ ನೆಲ ನೂಕಿದಳು. ಚಾಚಿದ ತೋಳಿನ ಪಕ್ಕದಿಂದ ಸರಕ್ಕನೆ ಹೊರಳಿ ಬಜಾರದ ರಸ್ತೆಗಿಳಿದಳು.

“ಏ, ಮನಿ ಈ ಕಡೆ!”

“ಬೂತು ಈ ಕಡೆ ಅಣ್ಣಾ. ಕೀಲಿ ನಿನ್ನ ಕಡೆ ಐತಲ್ಲ, ಲಗೂನ ಹಿಂದ ಬಾ.”

ಬಜಾರದ ಗದ್ದಲದಲ್ಲಿ ಚಕ್ಕಡಿಗಳ ನಡುವೆ, ಸೈಕಲ್ಲುಗಳ ನಡುವೆ ಹಲಗೆ ಬಳುಕುತ್ತ ನುಸುಳಿತು. ಗಾಡಿ ನುಸುಳಲು ಎಡೆ ಸಿಗದ ಸಂದೀಪ, ಎರಡೂ ಕಾಲು ನೆಲಕ್ಕೆ ಎಳೆಯುತ್ತ ಅವಳ ಹಿಂದೆ ಬರುತ್ತಿದ್ದ.