ಮೂರನೆಯ ಗೆರೆ

“ದೊಡ್ಡಮ್ಮ, ನಿಮಗೆ ಮಕ್ಕಳು ಎಷ್ಟು ಜನ? ಹುಟ್ಟಿದ ಕ್ರಮದಲ್ಲೇ ಹೇಳ್ಬೇಕು” ಎಂದು ಶ್ರೀಕಂಠಯ್ಯ ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಪಕ್ಕದಲ್ಲಿದ್ದ ಪಟ್ಟಾಭಿರಾಮನಿಗೆ ಕೂತ ಚಾಪೆ ಕಾದ ಹಂಚಾಯಿತು. ಎದ್ದು ಕಿಟಕಿಯ ಹತ್ತಿರ ಹೋದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಉಪ್ಪಾರಹಳ್ಳಿಯ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಚೈನು ಹಾಕುತ್ತಿದ್ದ, ಅಷ್ಟೆ. ತಿರುಗಿ ಬಂದು ಕೂತ.

ಗುಬ್ಬಿಯ ಶ್ರೀಕಂಠಯ್ಯ, ಕುಣಿಗಲ್ಲಿನ ಪಟ್ಟಾಭಿರಾಮ ದಾಯಾದಿಗಳು. ದಾಯಾದಿಗಳು ಜೊತೆಯಾಗಿ ಹೊರಟರೆ ಕೋರ್ಟಿಗೇ ಎನ್ನುವುದು ಲೋಕರೂಢಿ. ಇವರು ಹೊರಟದ್ದು ಪ್ರೆಸ್ಸಿಗೆ, ತಮ್ಮ ವಂಶದ ಪುಸ್ತಕ ಮಾಡಿಸಿ ನೆಂಟರಿಗೆಲ್ಲ ಹಂಚಲು. ಗುಬ್ಬಿ ಕವಲು ಅವನ ಪಾಲು, ಕುಣಿಗಲ್ ಕವಲು ಇವನ ಪಾಲು. ಎಪ್ಪತ್ತೇಳನೇ ಇಸವಿಯಿಂದ ಎರಡು ವರ್ಷ ಚೇಳೂರು, ಹಾಗಲವಾಡಿ ಎಂದು ಬಸ್ಸು ಹತ್ತಿ ಇಳಿದು, ಸತ್ತವರನ್ನೂ ಬಿಡದೆ ಹೆಸರು ಕೂಡಿಹಾಕಿದ್ದರು. ಶುರುವಿನಲ್ಲೇ ಪಟ್ಟಾಭಿರಾಮ ಎರಡು ಕಟ್ಟಳೆ ಮಾಡಿದ್ದ. ಮನೆಯ ಹಿರಿಯರ ಬಾಯಿಂದ ಬಾರದ ಹೆಸರು ಬರೆಯಬಾರದು. ಒಬ್ಬ ಮನುಷ್ಯ ಒಂದೇ ಕಡೆ ಬರಬೇಕು. ಅಂದರೆ ದತ್ತು ಹೋದವನು ಹೋದ ಮನೆಯಲ್ಲಿ ಮಾತ್ರ. ಆಗ ಅದು ಬಲು ಶಿಸ್ತಿನ ಮಾತು ಎನಿಸಿತ್ತು. ಕುಣಿಗಲ್ ಕವಲು ಅಚ್ಚಾಗಿ ಬಂದು, ಸುಬ್ಬಲಕ್ಷ್ಮಮ್ಮನ ಹೆಸರಿನ ಕೆಳಗೆ ತನ್ನದೊಂದೇ ಹೆಸರು ಕಂಡ ದಿನ ಅವನಿಗೆ ಎದೆ ಚುರುಕ್ಕೆಂದಿತು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ.

ಏಕೆಂದರೆ ಸುಬ್ಬಲಕ್ಷ್ಮಮ್ಮ ಸಾಕಿದವಳು. ಹೆತ್ತವಳು ಈಗ ಎದುರಿಗೆ ಕೂತಿದ್ದ ಗುಬ್ಬಿ ಕವಲಿನ ಅಲಮೇಲಮ್ಮ. ಮಕ್ಕಳಿಲ್ಲದ ದಾಯಾದಿ ಓರಗಿತ್ತಿಯ ಮಡಿಲಿಗೆ ಮೂರು ವರ್ಷದ ಕೂಸನ್ನು ಹಾಕಿ, ಧಾರೆ ಎರೆದು ಕೊಟ್ಟಿದ್ದಳು. ಅಂದಿನಿಂದ ಅವಳು ಅವನಿಗೆ ಚಿಕ್ಕಮ್ಮ. ಊರಿಗೆಲ್ಲ ಗೊತ್ತಿದ್ದ ಆ ಮಾತನ್ನು ತಾಯಿ ಮಗ ಇಬ್ಬರು ಮಾತ್ರ ಒಂದು ದಿನವೂ ಎತ್ತಿರಲಿಲ್ಲ, ಸುಬ್ಬಲಕ್ಷ್ಮಮ್ಮ ತೀರಿಕೊಂಡ ಮೇಲೂ. ಪಟ್ಟಾಭಿರಾಮನಿಗೆ ಈಗ ಐವತ್ತು ದಾಟಿತ್ತು. ಅಲಮೇಲಮ್ಮನ ಹೆಸರಿನ ಕೆಳಗೂ ತಾನಿರಬೇಕು ಎಂಬ ಆಸೆ ಈ ವಯಸ್ಸಿನಲ್ಲಿ ಹತ್ತಿಕೊಂಡು, ನಿದ್ದೆ ಕೆಡಿಸಿತ್ತು.

ಬೆಳಿಗ್ಗೆ ಇದಕ್ಕೇ ಪ್ರೆಸ್ಸಿನಲ್ಲಿ ಜಗಳವಾಗಿತ್ತು.

“ಚಿಕ್ಕಮ್ಮನ ಕೆಳಗೂ ನನ್ನ ಹೆಸರು ಹಾಕೋಣ ಕಣೋ.”

“ಕಟ್ಟಳೆ ಮಾಡ್ದೋನು ನೀನೇ ತಾನೆ? ಎರಡೂ ಕಡೆ ಬಂದ್ರೆ ಅದು ವಂಶಾವಳಿ ಅಲ್ಲಯ್ಯ, ಸಂತೆ” ಎಂದಿದ್ದ ಶ್ರೀಕಂಠಯ್ಯ.

“ಅವರಾಗೇ ಬಾಯಿಬಿಟ್ಟು ಹೇಳಿದ್ರೆ?”

“ಹೇಳಿದ್ರೆ ಬರ್ಕೋತೀನಿ. ಆದ್ರೆ ನೀನು ತುಟಿ ಪಿಟಕ್ ಅನ್ನಂಗಿಲ್ಲ.”

ಮಧ್ಯಾಹ್ನಕ್ಕೆ ಗುಬ್ಬಿ ಕವಲಿನ ಪುಟ ಮಿಷನ್ನಿಗೆ ಏರುತ್ತದೆ, ಆಮೇಲೆ ಬ್ರಹ್ಮ ಬಂದರೂ ತಿದ್ದಲಾಗದು ಎಂದು ಅಚ್ಚಿನ ಮೊಳೆ ಜೋಡಿಸುವ ಚೌಡಪ್ಪ ಹೇಳಿ ಕಳಿಸಿದ್ದ.

ಅಲಮೇಲಮ್ಮನಿಗೆ ಯಾವ ಅವಸರವೂ ಇರಲಿಲ್ಲ. ಸೆರಗು ಸರಿಮಾಡಿಕೊಂಡು, ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆರೆಯ ಮೇಲಿಟ್ಟಳು.

“ಮೊದಲನೇದು ಕೌಸಲ್ಯ.” ಹೆಬ್ಬೆರಳು ಎರಡನೆಯ ಗೆರೆಗೆ ಹೋಯಿತು. “ಆಮೇಲೆ ವೆಂಕಟರಂಗ.”

ಮೂರನೆಯ ಗೆರೆ. ಹೆಬ್ಬೆರಳು ಅಲ್ಲಿ ನಿಂತಿತು. ಹೇಳು, ಒಂದೇ ಒಂದು ಸಲ ಹೇಳಿಬಿಡು ಎಂದು ಪಟ್ಟಾಭಿರಾಮ ಒಳಗೊಳಗೇ ಬೇಡಿದ. ಹೆಬ್ಬೆರಳು ಅಲ್ಲೇ ಸ್ವಲ್ಪ ಹೊತ್ತು ಸವರಿ, ಪಕ್ಕದ ಬೆರಳಿಗೆ ದಾಟಿತು.

“ಕಡೇದು ಮಂಜುಳ. ಅಷ್ಟೇ ಕಣಪ್ಪ.”

ಶ್ರೀಕಂಠಯ್ಯ ಬರೆದುಕೊಂಡ. ಪಂದ್ಯ ಗೆದ್ದ ಹಿಗ್ಗು ಅವನ ಮುಖದಲ್ಲಿರಲಿಲ್ಲ, ಪಾಪ. ಗೆಳೆಯನ ಕಡೆ ನೋಡಲಾರದೆ ಪೆನ್ನು ಕೊಡವುತ್ತ ಕೂತ. ಪಟ್ಟಾಭಿರಾಮ ದಡಬಡ ಎದ್ದು ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದ. ಎಡದ್ದು ಬಲಗಾಲಿಗೆ ಹೋಯಿತು. ಅವನಿಗೆ ಅಳುವಷ್ಟು ಸಿಟ್ಟು ಬಂದಿತ್ತು. ಪಕ್ಕದ ಮನೆಗೆ ಕೊಟ್ಟ ಪಾತ್ರೆಯಾದರೂ ನೆನಪಿರುತ್ತದೆ, ಹೆತ್ತ ಮಗ ನೆನಪಿರಲಿಲ್ಲವಲ್ಲ!

“ಪಟ್ಟಾಭಿ” ಎಂದು ಅಲಮೇಲಮ್ಮ ಕರೆದಳು. “ಅಕ್ಕನ ಹೆಸರಿನ ಕೆಳಗೆ ನಿನ್ನ ಹೆಸರು ಸರಿಯಾಗಿ ಬಂದಿದೆ ತಾನೆ?”

“ಬಂದಿದೆ, ಚಿಕ್ಕಮ್ಮ” ಎಂದ, ತಿರುಗಿ ನೋಡದೆ.

“ಒಂದ್ಸಲ ಓದ್ತೀನಿ, ಕೇಳಿಸ್ಕೊಳಿ ದೊಡ್ಡಮ್ಮ” ಎಂದು ಶ್ರೀಕಂಠಯ್ಯ ಗಂಟಲು ಸರಿಮಾಡಿಕೊಂಡ. “ಒಂದು, ಕೌಸಲ್ಯ. ಎರಡು, ವೆಂಕಟರಂಗ. ಮೂರು, ಮಂಜುಳ.”

“ತಪ್ಪು. ಮಂಜುಳ ನಾಲ್ಕು.”

“ನೀವು ಹೇಳಿದ್ದು ಮೂರೇ ಹೆಸರಲ್ವಾ? ಹಂಗಾದ್ರೆ ಮೂರನೇದು ಯಾರು?”

ಪಟ್ಟಾಭಿರಾಮ ಒಂದೇ ಚಪ್ಪಲಿಯಲ್ಲಿ ಹಾಗೇ ನಿಂತ. ಅಲಮೇಲಮ್ಮ ಅವನ ಕಡೆ ನೋಡಲಿಲ್ಲ. ಅವಳ ಹೆಬ್ಬೆರಳು ಹಿಂದಕ್ಕೆ ಬಂದು ಆ ಮೂರನೆಯ ಗೆರೆಯನ್ನು ಒತ್ತಿ ಹಿಡಿದಿತ್ತು.

“ಆ ಹೆಸರನ್ನ ನನ್ನ ಮಗಂದು ಅಂತ ಎತ್ತಲ್ಲ ಅಂತ ಅಕ್ಕನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದೀನಿ. ಕೂಸನ್ನ ಕೊಟ್ಟೆ, ಹೆಸರನ್ನೂ ಕೊಟ್ಟೆ. ಎಣಿಕೆ ಕೊಟ್ಟಿಲ್ಲ ಕಣಪ್ಪ. ನಾಲ್ಕು ಅಂತಲೇ ಹಾಕು.”