ಫೋಟೋದಲ್ಲಿ ಬಿದ್ದ ನೆರಳು

"ಎಲ್ಲಿದ್ದೀರ್ರೀ ನೀವು? ಹುಡುಕಿ ಹುಡುಕಿ ಕಣ್ಣು ಸೋತುಹೋಯ್ತು" ಎಂದು ಮೇಷ್ಟ್ರ ಹೆಂಡತಿ ಕಾರಿಡಾರಿನ ಗೋಡೆಯ ಮೊದಲ ಫೋಟೋದಿಂದ ಮುಖ ತಿರುಗಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಹುಟ್ಟಿದ ವರ್ಷದ ಫೋಟೋ ಅದು. ಮದುವೆಯಾದಾಗಿನಿಂದ ಆ ತಂಡದ ಬಗ್ಗೆ ಕೊಚ್ಚಿಕೊಂಡೇ ಬಂದಿದ್ದ ಮೇಷ್ಟ್ರ ಮೊರದಗಲದ ಕಿವಿಗಳು ಕೆಂಪಾದವು. ಅವರು ಆಡಿದ್ದಕ್ಕಿಂತ ಬೆಂಚು ಕಾದದ್ದೇ ಹೆಚ್ಚು. ಈ ಫೋಟೋ ತೆಗೆದ ದಿನವೂ ಎಲ್ಲರೂ ಸೇರಿ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟಿದ್ದರು. ಆಟಗಾರರ ಮುಂದೆ ಹುಲ್ಲಿನ ಮೇಲೆ ಬಿದ್ದಿದ್ದ ನೆರಳನ್ನು ತೋರಿಸಿ, "ಇದು ನಾನೇ ಕಣೇ" ಎಂದರು.

"ಸಾಕು ಸುಮ್ನಿರಿ. ನೆರಳಿನ ಮೇಲೆ ಹೆಸರು ಬರೆದಿದ್ಯಾ?" ಎನ್ನುತ್ತಲೇ ಆಕೆ ಪಕ್ಕದ ಫೋಟೋ ನೋಡಿದರು. ಅದರಲ್ಲೂ ನೆರಳು. ಅದರಾಚೆಯದರಲ್ಲೂ. ಕಾರಿಡಾರಿನುದ್ದಕ್ಕೂ ಒಂದೊಂದು ವರ್ಷದ ತಂಡದ ಮುಂದೆಯೂ ಅದೇ ನೆರಳು.

"ಅದು ನಮ್ಮ ತಂಡದ ಪದ್ಧತಿ ಅಮ್ಮ" ಎಂದ, ಅವರನ್ನು ಕರೆತಂದಿದ್ದ ಈಗಿನ ಕ್ಯಾಪ್ಟನ್. "ಮೊದಲನೇ ಫೋಟೋಲಿ ನೆರಳು ಬಿತ್ತು, ಆ ವರ್ಷವೇ ಕಪ್ ಬಂತು. ಅವತ್ತಿಂದ ನೆರಳಿಲ್ದೆ ಫೋಟೋ ತೆಗೆಯೋದೇ ಇಲ್ಲ. ಕ್ಯಾಮೆರಾದವನ ಹಿಂದೆ ಒಬ್ಬರು ನಿಂತು ಹೀಗೆ ಕೈ ಹಿಡೀತೀವಿ." ಅವನು ಎರಡೂ ಅಂಗೈಗಳನ್ನು ತಲೆಯ ಆಚೀಚೆ ಅಗಲವಾಗಿ ಬಿಡಿಸಿ ಹಿಡಿದ. "ಆ ಪುಣ್ಯಾತ್ಮ ಯಾಕೆ ಹೀಗೆ ಕೈ ಎತ್ತಿದ್ನೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ಆಕೆ ಆ ಅಂಗೈಗಳನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿದರು. ನಗು ತಡೆಯದೆ ಗಂಡನ ತೋಳು ಹಿಡಿದು ಮುಂದಕ್ಕೆಳೆದರು.

"ಅದು ಕೈ ಅಲ್ಲಪ್ಪ, ಕಿವಿ. ನಮ್ಮನೆಯವರದು!"